ಒಬ್ಬನೇ ಯೋಧ, ಎರಡು ಫೈಲು

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮಾಜಿ ಯೋಧರೊಬ್ಬರ ಪರವಾಗಿ ತೀರ್ಪು ಕೊಟ್ಟಿತು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದೆ ಎಂದು ಸೇನೆ ಅವರನ್ನು ದಶಕಗಳ ಹಿಂದೆಯೇ ಮನೆಗೆ ಕಳುಹಿಸಿತ್ತು. ಅವರನ್ನು ಪರೀಕ್ಷಿಸಿದ ಮೆಡಿಕಲ್ ಬೋರ್ಡು ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂಬ ತನ್ನ ಅಭಿಪ್ರಾಯಕ್ಕೆ ಕಾರಣ ಏನೆಂದೇ ಬರೆದಿಲ್ಲ, ಹೀಗಾಗಿ ಆ ಅಭಿಪ್ರಾಯ ನಿಲ್ಲುವುದಿಲ್ಲ, ಪಿಂಚಣಿ ಕೊಡಿ ಎಂದಿತು ಕೋರ್ಟು. ಆದರೆ 2019ರ ಅಕ್ಟೋಬರಿನಲ್ಲಿ ಇದೇ ಕೋರ್ಟು ಇದೇ ಕಾಯಿಲೆಯ ಇನ್ನೊಬ್ಬ ಯೋಧರ ಮನವಿಯನ್ನು ತಳ್ಳಿಹಾಕಿತ್ತು. 2025ರ ಆಗಸ್ಟಿನಲ್ಲಿ ಮತ್ತೊಂದು ಸುದ್ದಿ ಬಂತು: ತರಬೇತಿಯ ವೇಳೆ ಗಾಯಗೊಂಡು ಸೇನಾ ಅಕಾಡೆಮಿಗಳಿಂದ ಹೊರಬಿದ್ದ ಕೆಡೆಟ್‌ಗಳ ಪಾಡಿನ ಬಗ್ಗೆ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು.

ಒಂದು ಸುದ್ದಿ ಓದಿದರೆ ಸೇನೆ ಕಾಯಿಲೆಯ ಯೋಧನನ್ನು ಕೈಬಿಟ್ಟಿತು ಅನ್ನಿಸುತ್ತದೆ. ಇನ್ನೊಂದು ಓದಿದರೆ ಪಿಂಚಣಿಗಾಗಿ ಎಲ್ಲರೂ ಕಾಯಿಲೆ ಹೇಳಿಕೊಳ್ಳುತ್ತಿದ್ದಾರೇನೋ ಎಂಬ ಅನುಮಾನ ಬರುತ್ತದೆ. ಗೊಂದಲಕ್ಕೆ ಕಾರಣ ಸರಳ. ಕೋರ್ಟಿನ ಮುಂದೆ ಬರುವುದು ಕತೆಯ ಕೊನೆಯ ಪುಟ ಮಾತ್ರ. ಕುಸಿಯುತ್ತಿರುವ ಯೋಧನನ್ನು ಉಳಿಸಿಕೊಳ್ಳಬೇಕೇ, ಕಳುಹಿಸಬೇಕೇ ಎಂಬ ನಿಜವಾದ ತೀರ್ಮಾನ ಅದಕ್ಕಿಂತ ಎಷ್ಟೋ ಮೊದಲು, ಅವನ ಪಲ್ಟನ್ನಿನಲ್ಲೇ ಆಗಿಬಿಟ್ಟಿರುತ್ತದೆ.

ಐದು ಅಕ್ಷರಗಳ ಅಳತೆ

ಭಾರತೀಯ ಸೇನೆ ಯೋಧನ ಆರೋಗ್ಯವನ್ನು 'ಶೇಪ್' ಎಂಬ ಅಳತೆಗೋಲಿನಲ್ಲಿ ಅಳೆಯುತ್ತದೆ. ಇಂಗ್ಲಿಷಿನ ಐದು ಅಕ್ಷರಗಳು: ಎಸ್ ಮನಸ್ಸಿನ ಸ್ಥಿತಿಗೆ, ಎಚ್ ಕಿವಿಗೆ, ಎ ಕೈಕಾಲಿಗೆ, ಪಿ ದೇಹದ ಒಟ್ಟು ಸಾಮರ್ಥ್ಯಕ್ಕೆ, ಇ ಕಣ್ಣಿಗೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಎಲ್ಲದರಲ್ಲೂ 1 ಇದ್ದರೆ 'ಶೇಪ್ ಒನ್', ಅಂದರೆ ಸಿಯಾಚಿನ್ನಿಗೂ ಸೈ, ರಾಜಸ್ಥಾನದ ಮರಳಿಗೂ ಸೈ. 5 ಬಂದರೆ ಸೇನೆಯ ಕೆಲಸಕ್ಕೇ ಆಗುವುದಿಲ್ಲ ಎಂದರ್ಥ. ನಡುವಿನ 2 ಮತ್ತು 3ರಲ್ಲಿ ಇರುವವರೇ ನಮ್ಮ ವಿಷಯ. ಇವರನ್ನು ಎಲ್‌ಎಂಸಿ, ಅಂದರೆ ಲೋ ಮೆಡಿಕಲ್ ಕೆಟಗರಿ ಎನ್ನುತ್ತಾರೆ. ಎತ್ತರದ ಜಾಗಕ್ಕೆ ಕಳುಹಿಸುವಂತಿಲ್ಲ, ಭಾರ ಹೊರಿಸುವಂತಿಲ್ಲ, ಒಬ್ಬನನ್ನೇ ಕಾವಲಿಗೆ ಹಾಕುವಂತಿಲ್ಲ ಎಂಬಂಥ ನಿರ್ಬಂಧಗಳು ಅವರ ಹೆಸರಿನ ಜೊತೆ ಸೇರಿಕೊಳ್ಳುತ್ತವೆ.

ಕೆಟಗರಿಯಲ್ಲಿ ತಾತ್ಕಾಲಿಕ ಮತ್ತು ಕಾಯಂ ಎಂದು ಎರಡಿವೆ. ತಾತ್ಕಾಲಿಕ ಕೆಟಗರಿಯನ್ನು ಸಾಮಾನ್ಯವಾಗಿ 24 ವಾರಗಳವರೆಗೆ ಕೊಟ್ಟು ಮತ್ತೆ ಪರೀಕ್ಷೆ ಮಾಡುತ್ತಾರೆ. ಚೇತರಿಸಿಕೊಂಡರೆ ಮೇಲಿನ ಕೆಟಗರಿ, ಇಲ್ಲದಿದ್ದರೆ ಕೊನೆಗೆ ಕಾಯಂ. ಕಾಯಂ ಎಂದಾದ ಕೂಡಲೇ ಮನೆಗೆ ಕಳುಹಿಸಬೇಕೆಂದಿಲ್ಲ. ಸ್ಟೋರು, ಕಚೇರಿ, ತರಬೇತಿ ಕೇಂದ್ರದಂಥ ಕಡೆ ಅವನಿಗೆ ಹೊಂದುವ ಕೆಲಸ ಇದ್ದರೆ ಇಟ್ಟುಕೊಳ್ಳಬಹುದು. ಸೇನೆಯ ಭಾಷೆಯಲ್ಲಿ ಇದು 'ಶೆಲ್ಟರ್ಡ್ ಅಪಾಯಿಂಟ್‌ಮೆಂಟ್', ನೆರಳಿನ ಹುದ್ದೆ. ಕಾಗದದ ಮೇಲೆ ಪುನರ್ವಸತಿಯ ಏರ್ಪಾಡು ಹೀಗೆ ಚೆನ್ನಾಗಿಯೇ ಇದೆ. ಆದರೆ ಆ ನೆರಳಿನ ಹುದ್ದೆ ಖಾಲಿ ಇದ್ದರೆ ಮಾತ್ರ. ಇಲ್ಲದಿದ್ದರೆ ಸೇವೆ ಮುಗಿಯಿತು.

ಹೊರಗೆ ಹೋಗುವ ಬಾಗಿಲು ಒಂದಲ್ಲ

1954ರ ಸೇನಾ ನಿಯಮಗಳಲ್ಲಿ 13ನೆಯ ನಿಯಮ ಎಂಬುದೊಂದಿದೆ. ಸಿಪಾಯಿಯನ್ನು ಯಾರು, ಯಾವ ಕಾರಣಕ್ಕೆ, ಹೇಗೆ ಡಿಸ್ಚಾರ್ಜ್ ಮಾಡಬಹುದು ಎಂಬ ಕೋಷ್ಟಕ ಅದರಲ್ಲಿದೆ. ಅವಧಿ ಮುಗಿದವರು, ಸ್ವಂತ ಕೋರಿಕೆಯಿಂದ ಹೋಗುವವರು, ವೈದ್ಯಕೀಯವಾಗಿ ಅನರ್ಹರಾದವರು ಎಂದು ಬೇರೆ ಬೇರೆ ಸಾಲುಗಳು. ಕೊನೆಯದು 'ಉಳಿದ ಎಲ್ಲ ಬಗೆಯ ಡಿಸ್ಚಾರ್ಜ್'. ಈ ಕೊನೆಯ ಸಾಲು ನೋಡಲು ಚಿಕ್ಕದು, ಆದರೆ ಅದರೊಳಗೆ ಏನನ್ನು ಬೇಕಾದರೂ ತುಂಬಬಹುದು.

ವೈದ್ಯಕೀಯ ಬಾಗಿಲಿನಿಂದ ಹೋಗುವವನಿಗೆ ಒಂದು ರಕ್ಷಣೆ ಇದೆ. ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್, ಅಂದರೆ ಸೇವೆಗೆ ಅನರ್ಹನೇ ಎಂದು ನೋಡುವ ವೈದ್ಯರ ಮಂಡಳಿ, ಶಿಫಾರಸು ಮಾಡಿದರೆ ಮಾತ್ರ ಅವನನ್ನು ತೆಗೆಯಬಹುದು. 'ಬೋರ್ಡ್ ಔಟ್' ಆದ ಎಂದು ನಮ್ಮೂರುಗಳಲ್ಲೂ ಹೇಳುತ್ತಾರಲ್ಲ, ಅದು ಇದೇ. ಸೇನೆ ಕೆಲವು ಸಂದರ್ಭಗಳಲ್ಲಿ ಕಾಯಂ ಎಲ್‌ಎಂಸಿ ಆದವರನ್ನು ಈ ಬೋರ್ಡಿನ ಮುಂದೆ ನಿಲ್ಲಿಸದೆ, ನೆರಳಿನ ಹುದ್ದೆ ಖಾಲಿ ಇಲ್ಲ ಎಂಬ ಕಾರಣ ಕೊಟ್ಟು ಬೇರೆ ಸಾಲಿನಡಿ ಕಳುಹಿಸುತ್ತಿತ್ತು. 2008ರಲ್ಲಿ ನಾಯಬ್ ಸುಬೇದಾರ್ ರಾಜ್‌ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ತೆಗೆಯುತ್ತಿರುವುದು ಕಾಯಿಲೆಯ ಕಾರಣಕ್ಕೆ ಎಂದಾದರೆ ಬೋರ್ಡು ಬೇಕೇ ಬೇಕು ಎಂದಿತು.

ಯಾವ ಬಾಗಿಲು ಎಂಬುದು ಯಾಕಿಷ್ಟು ಮುಖ್ಯ? ಸಿಪಾಯಿಗೆ ಸೇವಾ ಪಿಂಚಣಿ ಸಿಗಬೇಕಾದರೆ 15 ವರ್ಷದ ಸೇವೆ ಬೇಕು. ಅದಕ್ಕೂ ಮೊದಲೇ ಹೊರಬಿದ್ದವನ ಬದುಕು ಅವನು ದಾಟಿದ ಬಾಗಿಲನ್ನೇ ಅವಲಂಬಿಸಿರುತ್ತದೆ. ಕಾಯಿಲೆ ಸೇವೆಯಿಂದಲೇ ಬಂತು ಅಥವಾ ಸೇವೆಯಿಂದ ಉಲ್ಬಣಿಸಿತು ಎಂದಾದರೆ ಅಂಗವೈಕಲ್ಯ ಪಿಂಚಣಿ. ಹಾಗಲ್ಲ ಎಂದಾದರೆ ಹತ್ತು ವರ್ಷ ಸೇವೆ ಮುಗಿಸಿದ್ದವನಿಗೆ ಇನ್‌ವ್ಯಾಲಿಡ್ ಪಿಂಚಣಿ. ಹತ್ತು ವರ್ಷಕ್ಕಿಂತ ಕಡಿಮೆ ಸೇವೆಯವರಿಗೂ ಇದನ್ನು ಕೊಡಲು 2020ರ ಜುಲೈನಲ್ಲಿ ಕೇಂದ್ರ ಒಪ್ಪಿತು, ಆದರೆ ಹೊರಗೆ ಬೇರೆ ಉದ್ಯೋಗವನ್ನೂ ಮಾಡಲಾಗದಷ್ಟು ಅಶಕ್ತನಾಗಿರಬೇಕು ಎಂಬ ಷರತ್ತಿನೊಂದಿಗೆ. ಮಾನಸಿಕ ಕಾಯಿಲೆಯವನಿಗೆ ಈ ಷರತ್ತು ಇಕ್ಕಟ್ಟಿನದು. ಔಷಧಿ ತೆಗೆದುಕೊಳ್ಳುತ್ತಾ ಊರಿನಲ್ಲಿ ಹೇಗೋ ಹೊಲ ನೋಡಿಕೊಂಡರೆ ಅವನು ಅಶಕ್ತನೋ ಅಲ್ಲವೋ? ಪಿಂಚಣಿ ಇಲ್ಲವೆಂದಾದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕೂಡ ಕೈತಪ್ಪುತ್ತದೆ. ಚಿಕಿತ್ಸೆ ಬೇಕಾದವನಿಗೇ ಚಿಕಿತ್ಸೆಯ ದಾರಿ ಮುಚ್ಚುವುದು ಇಲ್ಲಿನ ವ್ಯಂಗ್ಯ.

ಕೆಂಪು ಶಾಯಿ

ಇನ್ನೊಂದು ಬಾಗಿಲು ಶಿಸ್ತಿನದು. ರಜೆ ಮುಗಿದರೂ ಬಾರದಿದ್ದರೆ 1950ರ ಸೇನಾ ಕಾಯ್ದೆಯ 39ನೆಯ ಕಲಂ. ಕುಡಿದು ಸಿಕ್ಕಿಬಿದ್ದರೆ 48ನೆಯ ಕಲಂ. ಕಮಾಂಡಿಂಗ್ ಆಫೀಸರ್ ಕೋರ್ಟ್ ಮಾರ್ಷಲ್ ಇಲ್ಲದೆಯೇ 28 ದಿನಗಳವರೆಗೆ ಬಂಧನದ ಶಿಕ್ಷೆ ಕೊಡಬಹುದು. ಇಂಥ ಶಿಕ್ಷೆಗಳು ಯೋಧನ ನಡತೆಯ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬೀಳುತ್ತವೆ. ಬ್ಯಾರಕ್ಕಿನ ಮಾತಿನಲ್ಲಿ 'ರೆಡ್ ಇಂಕ್'. ನಾಲ್ಕು ರೆಡ್ ಇಂಕ್ ಆದರೆ ಮನೆಗೆ ಎಂಬುದು ಬಹುಕಾಲದ ಪದ್ಧತಿ.

ಪದ್ಧತಿ ಎಂದೆ, ಕಾನೂನು ಎನ್ನಲಿಲ್ಲ. ಸೇನಾ ಪ್ರಧಾನ ಕಚೇರಿಯ 1988ರ ಡಿಸೆಂಬರ್ 28ರ ಪತ್ರ ಈ ಬಗ್ಗೆ ವಿವರವಾಗಿ ಹೇಳಿತ್ತು. ಮೊದಲು ವಿಚಾರಣೆ ನಡೆಸಬೇಕು. ನಾಲ್ಕು ಎಂಟ್ರಿ ಆದಮಾತ್ರಕ್ಕೆ ತೆಗೆಯಬೇಕೆಂದಿಲ್ಲ. ಎಷ್ಟು ವರ್ಷ ದುಡಿದಿದ್ದಾನೆ, ಎಂಥೆಂಥ ಕಷ್ಟದ ಜಾಗಗಳಲ್ಲಿ ಇದ್ದ ಎಂಬುದನ್ನು ನೋಡಬೇಕು. ಪಿಂಚಣಿಯ ಹೊಸ್ತಿಲಲ್ಲಿ ಇರುವವನಿಗೆ ಅವಧಿ ಮುಗಿಸಲು ಅವಕಾಶ ಕೊಡಬೇಕು. 2015ರ ಅಕ್ಟೋಬರಿನಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು: ಎಂಟ್ರಿಗಳ ಲೆಕ್ಕ ಹಾಕಿ ಯಾಂತ್ರಿಕವಾಗಿ ಕಳುಹಿಸುವಂತಿಲ್ಲ, ವಿಚಾರಣೆ ಕಡ್ಡಾಯ. ತನ್ನದೇ ಪತ್ರವನ್ನು ಪಾಲಿಸಿ ಎಂದು ಸೇನೆಗೆ ಹೇಳಲು ಕೋರ್ಟಿಗೆ 27 ವರ್ಷ ಬೇಕಾಯಿತು.

ಈಗ ಒಬ್ಬ ಜವಾನನನ್ನು ಊಹಿಸಿಕೊಳ್ಳೋಣ. ಹನ್ನೊಂದು ವರ್ಷ ಸೇವೆಯಾಗಿದೆ, ಎರಡು ಸಲ ಗಡಿಯ ಪೋಸ್ಟಿಂಗ್ ಮುಗಿದಿದೆ. ಊರಿನಲ್ಲಿ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ. ರಾತ್ರಿ ನಿದ್ದೆ ಇಲ್ಲ, ನಿದ್ದೆಗೆಂದು ಶುರುವಾದ ರಮ್ ನಿಲ್ಲುತ್ತಿಲ್ಲ. ರಜೆಗೆ ಹೋದವನು ಹನ್ನೆರಡು ದಿನ ತಡವಾಗಿ ಬರುತ್ತಾನೆ. ಬೆಳಗಿನ ಫಾಲಿನ್‌ಗೆ, ಅಂದರೆ ಹಾಜರಿಯ ಸಾಲಿಗೆ, ವಾಸನೆ ಹೊಡೆಯುತ್ತಾ ನಿಲ್ಲುತ್ತಾನೆ. ಹವಾಲ್ದಾರನಿಗೆ ಎದುರು ಮಾತಾಡುತ್ತಾನೆ. ಇವನು ರೋಗಿಯೇ, ಶಿಸ್ತುಗೇಡಿಯೇ?

ಎರಡೂ ಆಗಿರಬಹುದು, ಕಷ್ಟ ಇರುವುದೇ ಅಲ್ಲಿ. ಕಂಪನಿ ಕಮಾಂಡರ್ ಅವನನ್ನು ರೆಜಿಮೆಂಟಿನ ವೈದ್ಯರ ಬಳಿಗೆ ಕಳುಹಿಸಿದರೆ ಒಂದು ಫೈಲು ತೆರೆದುಕೊಳ್ಳುತ್ತದೆ: ಮಿಲಿಟರಿ ಆಸ್ಪತ್ರೆ, ಮನೋವೈದ್ಯರು, ಎಸ್-3 ಕೆಟಗರಿ, 24 ವಾರ, ಮರುಪರೀಕ್ಷೆ. ಚಾರ್ಜ್‌ಶೀಟ್ ಹಾಕಿದರೆ ಬೇರೆ ಫೈಲು: ಏಳು ದಿನ, ಹದಿನಾಲ್ಕು ದಿನ, ರೆಡ್ ಇಂಕ್, ಮತ್ತೊಂದು ರೆಡ್ ಇಂಕ್, ಶೋಕಾಸ್ ನೋಟಿಸ್. ಮನುಷ್ಯ ಒಬ್ಬನೇ, ನಿದ್ದೆಯಿಲ್ಲದ ರಾತ್ರಿಗಳೂ ಅವೇ. ಮೊದಲ ಫೈಲಿನ ಕೊನೆಯಲ್ಲಿ ಪಿಂಚಣಿಯ ಸಾಧ್ಯತೆಯಾದರೂ ಇದೆ, ಎರಡನೆಯದರ ಕೊನೆಯಲ್ಲಿ ಬರಿಗೈ. ಒಮ್ಮೆ ಒಂದು ಫೈಲು ದಪ್ಪವಾಗತೊಡಗಿದರೆ ಮುಂದಿನ ಪ್ರತಿ ಘಟನೆಯೂ ಅದಕ್ಕೇ ಹೋಗಿ ಸೇರುತ್ತದೆ. ಮೂರು ರೆಡ್ ಇಂಕ್ ಆದವನು ನಾಲ್ಕನೆಯ ಸಲ ನನಗೆ ಮನಸ್ಸು ಸರಿಯಿಲ್ಲ ಸಾಬ್ ಎಂದರೆ ಅದು ನೆಪವಾಗಿ ಕೇಳಿಸುತ್ತದೆಯೇ ಹೊರತು ರೋಗಲಕ್ಷಣವಾಗಿ ಅಲ್ಲ.

ಕಮಾಂಡರನ ಷರಾ

ವೈದ್ಯಕೀಯ ಫೈಲು ವೈದ್ಯರೊಬ್ಬರದೇ ಅಲ್ಲ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಮನೋವೈದ್ಯಕೀಯ ಪ್ರಕರಣಗಳಲ್ಲಿ ಎಎಫ್‌ಎಂಎಸ್‌ಎಫ್-10 ಎಂಬ ನಮೂನೆಯನ್ನು ಯೂನಿಟ್ಟಿನ ಕಮಾಂಡರ್ ತುಂಬಬೇಕು. ಇವನ ನಡವಳಿಕೆ ಹೇಗಿದೆ, ಕೆಲಸ ಹೇಗೆ ಮಾಡುತ್ತಾನೆ, ಜೊತೆಯವರೊಂದಿಗೆ ಹೇಗಿರುತ್ತಾನೆ ಎಂಬ ವರದಿ ಅದು. ಇದರಲ್ಲಿ ತರ್ಕವಿದೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತವನನ್ನು ನೋಡಿ ಮನೋವೈದ್ಯರಿಗೆ ಎಲ್ಲವೂ ತಿಳಿಯುವುದಿಲ್ಲ, ಮನಸ್ಸಿನ ಕಾಯಿಲೆಗೆ ಎಕ್ಸ್‌ರೇ ಇಲ್ಲ. ದಿನವಿಡೀ ಅವನನ್ನು ನೋಡುವವರ ಮಾತು ಬೇಕೇ ಬೇಕು.

ಆದರೆ ಅದೇ ಕಮಾಂಡರ್ ಅವನಿಗೆ ಶಿಕ್ಷೆ ಕೊಡುವವನೂ ಹೌದು, ಅವನಿಂದ ಕೆಲಸ ತೆಗೆಸಬೇಕಾದವನೂ ಹೌದು, ಅವನು ಹೋದರೆ ಬದಲಿ ಕೇಳಬೇಕಾದವನೂ ಹೌದು. 'ಈತ ಮೊದಲಿನಿಂದಲೂ ಬೇಜವಾಬ್ದಾರಿ' ಎಂದು ಬರೆಯುವುದಕ್ಕೂ 'ಕಳೆದ ಆರು ತಿಂಗಳಿನಿಂದ ಬದಲಾಗಿದ್ದಾನೆ' ಎಂದು ಬರೆಯುವುದಕ್ಕೂ ಅಜಗಜಾಂತರ. ಎರಡನೆಯ ವಾಕ್ಯ ಬರೆಯಬೇಕಾದರೆ ಆರು ತಿಂಗಳ ಹಿಂದೆ ಅವನು ಹೇಗಿದ್ದ ಎಂಬುದು ಗೊತ್ತಿರಬೇಕು. ಅಧಿಕಾರಿಗಳ ಕೊರತೆ ಇರುವ ಯೂನಿಟ್ಟಿನಲ್ಲಿ, ಎರಡು ಮೂರು ವರ್ಷಕ್ಕೆ ಅಧಿಕಾರಿ ಬದಲಾಗುವ ವ್ಯವಸ್ಥೆಯಲ್ಲಿ, ಅದು ಗೊತ್ತಿರುವುದು ಹೆಚ್ಚಾಗಿ ಸುಬೇದಾರ್ ಸಾಹೇಬರಿಗೆ, ಪಕ್ಕದ ಹಾಸಿಗೆಯ ಗೆಳೆಯನಿಗೆ. ನಮೂನೆಯಲ್ಲಿ ಸಹಿ ಅವರದಲ್ಲ.

ಯೋಧ ತಾನೇ ಯಾಕೆ ಮೊದಲೇ ಹೇಳಿಕೊಳ್ಳುವುದಿಲ್ಲ? ಕೆಟಗರಿ ಬಿದ್ದರೆ ಬಡ್ತಿಗೆ ಪೆಟ್ಟು, ವಿಶ್ವಸಂಸ್ಥೆಯ ಶಾಂತಿಪಡೆಯ ಅವಕಾಶಕ್ಕೆ ಪೆಟ್ಟು. ಮೇಲಾಗಿ 'ಸೈಕ್ ಕೇಸ್' ಎಂಬ ಹಣೆಪಟ್ಟಿ. ಮೊಣಕಾಲು ನೋವನ್ನು ಧೈರ್ಯವಾಗಿ ಹೇಳಿಕೊಳ್ಳುವವನೂ ಇದನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟಿದ್ದು ಕುಡಿತವಾಗಿ, ಜಗಳವಾಗಿ, ತಡವಾದ ರಜೆಯಾಗಿ ಹೊರಬರುತ್ತದೆ. ಅಂದರೆ ಪ್ರಾಮಾಣಿಕವಾಗಿ ಹೇಳಿಕೊಂಡರೆ ನಷ್ಟ ಎಂಬ ವ್ಯವಸ್ಥೆಯೇ ರೋಗಿಯನ್ನು ಶಿಸ್ತಿನ ಬಾಗಿಲಿನತ್ತ ತಳ್ಳುತ್ತದೆ.

ಇದರ ಕಹಿ ಲೆಕ್ಕ ಸಂಸತ್ತಿನ ದಾಖಲೆಯಲ್ಲಿದೆ. 2022ರ ಜುಲೈನಲ್ಲಿ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿ ಮೂರೂ ಪಡೆಗಳ 819 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದರು: ಭೂಸೇನೆಯಲ್ಲಿ 642, ವಾಯುಪಡೆಯಲ್ಲಿ 148, ನೌಕಾಪಡೆಯಲ್ಲಿ 29. ಸರ್ಕಾರ ಕೈಕಟ್ಟಿ ಕುಳಿತಿಲ್ಲ. ಜವಾನರೊಂದಿಗೆ ಕುಳಿತು ಮಾತಾಡಲು 'ಮಿಲಾಪ್', 'ಸಹಯೋಗ್' ಎಂಬ ಕಾರ್ಯಕ್ರಮಗಳಿವೆ, ಸಹಾಯವಾಣಿ ಇದೆ, ಪಲ್ಟನ್ನಿನ ಧರ್ಮಗುರುಗಳಿಗೂ ಆಪ್ತಸಮಾಲೋಚನೆಯ ತರಬೇತಿ ಇದೆ. ಆದರೆ ಹೇಳಿಕೊಂಡವನಿಗೆ ಏನಾಗುತ್ತದೆ ಎಂಬ ಭಯ ಹೋಗದೆ ಸಹಾಯವಾಣಿಯ ಫೋನು ರಿಂಗಾಗುವುದು ಕಷ್ಟ.

ಸೇನೆಯ ವಾದವನ್ನು ತಳ್ಳಿಹಾಕುವಂತಿಲ್ಲ

ಕಂದಾಯ ಇಲಾಖೆಯಲ್ಲಿ ಗುಮಾಸ್ತನೊಬ್ಬ ಖಿನ್ನತೆಗೆ ಒಳಗಾದರೆ ಕಡತ ತಡವಾಗುತ್ತದೆ. ಎಂಟು ಜನರ ಬಂಕರಿನಲ್ಲಿ ಒಬ್ಬ ಕುಸಿದರೆ ಉಳಿದ ಏಳು ಜನರ ಜೀವದ ಪ್ರಶ್ನೆ. ಅವನ ಕೈಯಲ್ಲಿ ಗುಂಡು ತುಂಬಿದ ರೈಫಲ್ ಇರುತ್ತದೆ. ಜೊತೆಯವರ ಮೇಲೇ ಗುಂಡು ಹಾರಿಸಿದ ಘಟನೆಗಳು ಆಗಿವೆ, ಅವು ಅಪರೂಪವಾದರೂ ಕಮಾಂಡರನ ನಿದ್ದೆ ಕೆಡಿಸಲು ಸಾಕು. ಯೂನಿಟ್ಟಿನ ಸಂಖ್ಯೆ ನಿಗದಿಯಾದದ್ದು. ಎತ್ತರದ ಪೋಸ್ಟಿಗೆ ಹೋಗಲಾಗದವನ ಹೆಸರು ಪಟ್ಟಿಯಲ್ಲಿದ್ದರೆ ಅವನ ಸರದಿಯನ್ನು ಇನ್ನೊಬ್ಬ ಮಾಡಬೇಕು. ನೆರಳಿನ ಹುದ್ದೆಗಳೂ ಲೆಕ್ಕದವೇ. ಗಡಿಯಿಂದ ಬಂದು ಎರಡು ವರ್ಷ ಶಾಂತಿ ನೆಲೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇರಬೇಕಾದ ಆರೋಗ್ಯವಂತನ ಜಾಗವನ್ನು ಕಾಯಂ ಎಲ್‌ಎಂಸಿ ತುಂಬಿದರೆ ಆ ಆರೋಗ್ಯವಂತನೂ ಬೇಗ ಸವೆಯುತ್ತಾನೆ.

ಹಣದ ಪ್ರಶ್ನೆಯೂ ಇದೆ. ನಿವೃತ್ತರಾಗುವ ಅಧಿಕಾರಿಗಳಲ್ಲಿ ಅಂಗವೈಕಲ್ಯ ಪಿಂಚಣಿ ಪಡೆಯುವವರ ಪ್ರಮಾಣ ಜವಾನರಲ್ಲಿರುವುದಕ್ಕಿಂತ ಬಹಳ ಹೆಚ್ಚು ಎಂದು ಸಿಎಜಿ ಗಮನಿಸಿತ್ತು. ಬಿಪಿ, ಸಕ್ಕರೆ ಕಾಯಿಲೆಯಂಥವುಗಳೂ ಇದರಲ್ಲಿ ಸೇರಿವೆ. ಸೇನೆ 2018ನ್ನು ಕರ್ತವ್ಯದಲ್ಲಿ ಅಂಗವಿಕಲರಾದ ಯೋಧರ ವರ್ಷವೆಂದು ಆಚರಿಸಿತು. ಆಗಿನ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅದೇ ವರ್ಷ, ಅಂಗವೈಕಲ್ಯವನ್ನು ಹಣ ಮಾಡುವ ದಾರಿಯಾಗಿ ಬಳಸುವವರಿಗೆ ಬಹಿರಂಗ ಎಚ್ಚರಿಕೆ ಕೊಟ್ಟರು. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದವು. ಸೇವೆಯ ಅವಧಿ ಪೂರೈಸಿ ನಿವೃತ್ತರಾಗುವವರಿಗೆ ಅಂಗವೈಕಲ್ಯ ಪಿಂಚಣಿಯ ಜಾಗದಲ್ಲಿ 'ಇಂಪೇರ್‌ಮೆಂಟ್ ರಿಲೀಫ್' ಎಂಬ ಹೊಸ ಹೆಸರು ಬಂತು.

ಈ ವಾದದಲ್ಲಿ ಒಂದು ಬಿರುಕಿದೆ. ಸಿಎಜಿ ಬೆರಳು ಮಾಡಿದ್ದು ಪೂರ್ಣ ಸೇವೆ ಮುಗಿಸಿ, ಕೊನೆಯಲ್ಲಿ ಅಂಗವೈಕಲ್ಯದ ಶೇಕಡಾವಾರು ಸೇರಿಸಿಕೊಂಡು ಹೋಗುವವರತ್ತ, ಅದರಲ್ಲೂ ಅಧಿಕಾರಿಗಳತ್ತ. ಏಳು ಎಂಟು ವರ್ಷಕ್ಕೇ ಬೋರ್ಡ್ ಔಟ್ ಆಗುವ ಸಿಪಾಯಿಗೆ ಆ ಶೇಕಡಾವಾರೇ ಇಡೀ ಬದುಕು. ಎರಡನ್ನೂ ಒಂದೇ ಸುದ್ದಿಯಲ್ಲಿ ಬೆರೆಸಿದಾಗ ಮೊದಲಿನವರ ಮೇಲಿನ ಅನುಮಾನ ಎರಡನೆಯವನ ಹೆಗಲೇರುತ್ತದೆ.

ಕಾಲು ಕಾಣುತ್ತದೆ, ಮನಸ್ಸು ಕಾಣುವುದಿಲ್ಲ

ಪುನರ್ವಸತಿ ಸಾಧ್ಯವೇ ಇಲ್ಲ ಎನ್ನುವವರಿಗೆ ಸೇನೆಯ ಇತಿಹಾಸವೇ ಉತ್ತರ. 1965ರ ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಜಯ್ ಒಬೆರಾಯ್ ಸೇನೆಯ ಉಪಮುಖ್ಯಸ್ಥರಾದರು. 1971ರಲ್ಲಿ ನೆಲಬಾಂಬಿಗೆ ಸಿಕ್ಕ ಇಯಾನ್ ಕಾರ್ಡೋಜೊ ಕೃತಕ ಕಾಲಿನಲ್ಲೇ ಬೆಟಾಲಿಯನ್ನನ್ನೂ ಬ್ರಿಗೇಡನ್ನೂ ಮುನ್ನಡೆಸಿದರು. 2002ರಲ್ಲಿ ನೆಲಬಾಂಬಿನಿಂದ ಕಾಲು ಕಳೆದುಕೊಂಡ ನಾಗಾಲ್ಯಾಂಡಿನ ಹೊಕಾಟೊ ಸೇಮಾ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಶಾಟ್‌ಪುಟ್ ಕಂಚು ಗೆದ್ದರು. ಪುಣೆಯಲ್ಲಿ 1944ರಿಂದ ಕೃತಕ ಅಂಗ ಕೇಂದ್ರವಿದೆ. ಅಂಗವಿಕಲ ಯೋಧರಿಗೆ ಕಸುಬು ಕಲಿಸಲು 1917ರಲ್ಲಿ ಶುರುವಾದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಅಲ್ಲಿನ ಖಡ್ಕಿಯಲ್ಲಿದೆ. ಬೆನ್ನುಹುರಿ ಪೆಟ್ಟಾದವರಿಗೆ ಅದೇ ಖಡ್ಕಿಯಲ್ಲೂ ಮೊಹಾಲಿಯಲ್ಲೂ ಪುನರ್ವಸತಿ ಕೇಂದ್ರಗಳಿವೆ.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಎಲ್ಲವೂ ಕಣ್ಣಿಗೆ ಕಾಣುವ ಗಾಯ. ಇವರನ್ನು ಕರೆದು ಸನ್ಮಾನ ಮಾಡಬಹುದು, ಫೋಟೊ ತೆಗೆಯಬಹುದು. ತೀವ್ರ ಖಿನ್ನತೆಯಿಂದ ಚೇತರಿಸಿಕೊಂಡು ಮತ್ತೆ ಬೆಟಾಲಿಯನ್ ಮುನ್ನಡೆಸಿದ ಅಧಿಕಾರಿ ಎಂದು ಸೇನೆ ಯಾರನ್ನೂ ವೇದಿಕೆಗೆ ಕರೆತಂದು ಪರಿಚಯಿಸುವುದಿಲ್ಲ. ಕೃತಕ ಕಾಲಿಗೆ ಇರುವ ಗೌರವ ಮಾತ್ರೆಯ ಡಬ್ಬಿಗೆ ಇಲ್ಲ.

ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟು ನೇರವಾಗಿ ಮುಟ್ಟಿದ್ದು ಸೇನೆಯ ಪ್ರಕರಣದಲ್ಲಲ್ಲ, ಸಿಆರ್‌ಪಿಎಫ್ ಅಧಿಕಾರಿಯ ಪ್ರಕರಣದಲ್ಲಿ. 2021ರ ಡಿಸೆಂಬರಿನ ರವೀಂದರ್ ಕುಮಾರ್ ಧಾರಿವಾಲ್ ತೀರ್ಪು ಅದು. ಮಾನಸಿಕ ಕಾಯಿಲೆಯಿಂದ ಬಂದ ವರ್ತನೆಗೆ ಶಿಸ್ತುಕ್ರಮ ಹೂಡುವುದು ಪರೋಕ್ಷ ತಾರತಮ್ಯ ಎಂದಿತು ಕೋರ್ಟು. ಹಾಲಿ ಹುದ್ದೆಗೆ ಆಗದಿದ್ದರೆ ಸಂಬಳಕ್ಕೆ ಧಕ್ಕೆ ಬಾರದಂತೆ ಬೇರೆ ಹುದ್ದೆ ಕೊಡಿ, ಬಂದೂಕು ಅವರ ಕೈಗೆ ಬಾರದಂತೆ ನೋಡಿಕೊಳ್ಳುವ ಸ್ವಾತಂತ್ರ್ಯ ನಿಮಗಿದೆ ಎಂದಿತು. ಕಮಾಂಡರನ ಭಯಕ್ಕೂ ರೋಗಿಯ ಹಕ್ಕಿಗೂ ಒಂದೇ ವಾಕ್ಯದಲ್ಲಿ ಜಾಗ ಸಿಕ್ಕ ತೀರ್ಪು ಇದು. ಆದರೆ ಇದರ ನೆಲೆ ಅಂಗವಿಕಲರ ಹಕ್ಕುಗಳ ಕಾನೂನು. ಸೇವೆಯಲ್ಲಿರುವಾಗ ಅಂಗವಿಕಲನಾದವನನ್ನು ತೆಗೆಯಬಾರದು ಎನ್ನುವ 2016ರ ಕಾಯ್ದೆಯ 20ನೆಯ ಕಲಮಿನಿಂದ ಸಿಆರ್‌ಪಿಎಫ್ ಸೇರಿದಂತೆ ಅರೆಸೇನಾ ಪಡೆಗಳ ಕಾದಾಡುವ ಸಿಬ್ಬಂದಿಯನ್ನು ಕೇಂದ್ರ 2021ರ ಆಗಸ್ಟ್ 18ರಂದೇ ಹೊರಗಿಟ್ಟಿತ್ತು. ತೀರ್ಪು ಬರುವ ನಾಲ್ಕು ತಿಂಗಳು ಮೊದಲೇ ಬಾಗಿಲು ಅರ್ಧ ಮುಚ್ಚಿತ್ತು.

ತೀರ್ಪುಗಳು ಬೇರೆ ಬೇರೆ ಯಾಕೆ

ಮತ್ತೆ ಮೊದಲಿನ ಗೊಂದಲಕ್ಕೆ ಬರೋಣ. 2013ರ ಧರಮ್‌ವೀರ್ ಸಿಂಗ್ ತೀರ್ಪು ಈ ಕ್ಷೇತ್ರದ ಮೂಲಪಾಠ. ಅಪಸ್ಮಾರದ ಕಾರಣಕ್ಕೆ ಒಂಬತ್ತು ವರ್ಷಕ್ಕೇ ಹೊರಬಂದ ಯೋಧರ ಪ್ರಕರಣ ಅದು. ಪಿಂಚಣಿ ಅರ್ಹತೆಯ 1982ರ ನಿಯಮಗಳನ್ನು ಓದಿ ಕೋರ್ಟು ಹೇಳಿದ್ದರ ಸಾರ ಇಷ್ಟು: ಸೇರುವಾಗ ಕಾಯಿಲೆಯ ಷರಾ ಇಲ್ಲದಿದ್ದರೆ ಅವನು ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು, ಆಮೇಲೆ ಬಂದದ್ದು ಸೇವೆಯಿಂದ ಬಂದದ್ದು, ಅಲ್ಲ ಎಂದು ಸಾಬೀತು ಮಾಡುವ ಹೊಣೆ ಸೇನೆಯದು. 2014ರಲ್ಲಿ ಸುಖ್‌ವಿಂದರ್ ಸಿಂಗ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ: ಸೇವೆಯಿಂದ ತೆಗೆಯುವಷ್ಟು ಕಾಯಿಲೆ ಎಂದಮೇಲೆ ಅದು ಪಿಂಚಣಿಗೆ ಬೇಕಾದ ಶೇ 20ಕ್ಕಿಂತ ಹೆಚ್ಚೇ ಇದೆ ಎಂದು ತಿಳಿಯಬೇಕು.

ಮಾನಸಿಕ ಕಾಯಿಲೆಯ ವಿಷಯಕ್ಕೆ ಬಂದಾಗ ಈ ತರ್ಕ ಅಲುಗಾಡಿತು. ಭರ್ತಿಯ ದಿನದ ಪರೀಕ್ಷೆಯಲ್ಲಿ ಸ್ಕಿಜೋಫ್ರೇನಿಯಾವನ್ನು ಪತ್ತೆ ಹಚ್ಚಲಾಗದು, ಆದ್ದರಿಂದ ಷರಾ ಇಲ್ಲ ಎಂದಮಾತ್ರಕ್ಕೆ ಸೇವೆಯೇ ಕಾರಣ ಎನ್ನಲಾಗದು, ಮೆಡಿಕಲ್ ಬೋರ್ಡಿನ ಮಾತಿಗೆ ಬೆಲೆ ಕೊಡಬೇಕು ಎಂಬುದು 2019ರ ತೀರ್ಪಿನ ದಾರಿ. 2025ರ ತೀರ್ಪು ಇದನ್ನು ಅಳಿಸಿಹಾಕಲಿಲ್ಲ. ಬೋರ್ಡಿನ ಮಾತಿಗೆ ಬೆಲೆ ಬೇಕೆಂದರೆ ಬೋರ್ಡು ಕಾರಣ ಬರೆಯಬೇಕು ಎಂದಿತು, ಅಷ್ಟೆ. ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ ಎಂಬ ಒಂದು ಸಾಲಿನ ಮುದ್ರೆ ಸಾಲದು. ಹಾಗಾಗಿ ಇನ್ನು ಮುಂದೆ ತೀರ್ಪುಗಳು ಒಂದೇ ಬಗೆಯಾಗಿರುತ್ತವೆ ಎಂದುಕೊಳ್ಳಬೇಕಿಲ್ಲ. ಬೋರ್ಡು ಚೆನ್ನಾಗಿ ಬರೆದ ಕಡೆ ಸೇನೆ ಗೆಲ್ಲುತ್ತದೆ, ಮುದ್ರೆ ಒತ್ತಿದ ಕಡೆ ಯೋಧ ಗೆಲ್ಲುತ್ತಾನೆ.

ಆದರೆ ಗೆಲ್ಲುವುದು ಇಪ್ಪತ್ತು ಮೂವತ್ತು ವರ್ಷದ ನಂತರ. ಕರ್ನಾಟಕದವರಿಗೆ ಇನ್ನೊಂದು ತೊಡಕಿದೆ. ಬೆಳಗಾವಿ, ಕೊಡಗು, ವಿಜಯಪುರ, ಹಾಸನದಿಂದ ಅಷ್ಟೊಂದು ಜನ ಸೇನೆಗೆ ಹೋದರೂ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪ್ರಾದೇಶಿಕ ಪೀಠ ಬೆಂಗಳೂರಿನಲ್ಲಿಲ್ಲ. ಚೆನ್ನೈನಲ್ಲಿದೆ, ಕೊಚ್ಚಿಯಲ್ಲಿದೆ. ರಾಯಬಾಗದ ಹಳ್ಳಿಯಲ್ಲಿರುವ, ಒಬ್ಬನೇ ಬಸ್ಸು ಹತ್ತಲೂ ಆಗದ ಮಾಜಿ ಸಿಪಾಯಿಯ ಪರವಾಗಿ ಓಡಾಡುವವಳು ಅವನ ಹೆಂಡತಿಯೋ ತಾಯಿಯೋ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಅರ್ಜಿ ಬರೆಸಿಕೊಡಬಹುದು, ಪ್ರಕರಣ ನಡೆಸಲಾರದು.

ಅಮೆರಿಕದ ಒಂದು ಲೆಕ್ಕ

ಎರಡು ಫೈಲುಗಳ ಮಾತು ಊಹೆಯಲ್ಲ ಎಂಬುದಕ್ಕೆ ಅಮೆರಿಕದಲ್ಲಿ ಪುರಾವೆ ಇದೆ. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಒಂದು ವರದಿ ಕೊಟ್ಟಿತು. 2011ರಿಂದ 2015ರವರೆಗೆ ದುರ್ನಡತೆಯ ಕಾರಣಕ್ಕೆ ಸೇನೆಯಿಂದ ಹೊರಹಾಕಲಾದವರು 91,764. ಅವರಲ್ಲಿ 57,141 ಮಂದಿಗೆ, ಅಂದರೆ ಶೇ 62ರಷ್ಟು ಜನರಿಗೆ, ಹೊರಹೋಗುವ ಹಿಂದಿನ ಎರಡು ವರ್ಷದೊಳಗೆ ಆಘಾತೋತ್ತರ ಒತ್ತಡ, ಮಿದುಳಿನ ಪೆಟ್ಟು ಅಥವಾ ಇಂಥದೇ ಬೇರೆ ಸಮಸ್ಯೆ ಇದೆ ಎಂದು ಸೇನೆಯ ವೈದ್ಯರೇ ಗುರುತಿಸಿದ್ದರು. ಹೆಚ್ಚಿನವರದು ಯುದ್ಧದ ಆಘಾತವಲ್ಲ, ಹೊಂದಾಣಿಕೆಯ ತೊಂದರೆ, ಕುಡಿತಕ್ಕೆ ಸಂಬಂಧಿಸಿದ ತೊಂದರೆ. ನಮ್ಮ ಊಹೆಯ ಜವಾನನ ಕತೆ ಅಲ್ಲಿ ಅಂಕಿಯಾಗಿ ಸಿಗುತ್ತದೆ.

ಇದಕ್ಕೂ ಮೊದಲೇ ಅಲ್ಲಿ ಕಾನೂನು ಬಂದಿತ್ತು: ಹೊರನಾಡಿನ ಕಾರ್ಯಾಚರಣೆಗೆ ಹೋಗಿಬಂದು ಆಘಾತೋತ್ತರ ಒತ್ತಡ ಅಥವಾ ಮಿದುಳಿನ ಪೆಟ್ಟು ಇರುವವನನ್ನು ಆಡಳಿತಾತ್ಮಕವಾಗಿ ತೆಗೆಯುವ ಮುನ್ನ, ಅವನ ನಡತೆಯ ಮೇಲೆ ಆ ಕಾಯಿಲೆಯ ಪ್ರಭಾವ ಇತ್ತೇ ಎಂದು ವೈದ್ಯಕೀಯ ಪರೀಕ್ಷೆ ಆಗಲೇಬೇಕು. ಅದನ್ನು ಎಲ್ಲ ಕಡೆ ಸರಿಯಾಗಿ ಪಾಲಿಸುತ್ತಿಲ್ಲ ಎಂದೂ ಅದೇ ವರದಿ ಹೇಳಿತು. ಆದರೂ ತತ್ವ ಸರಿ. ಎರಡು ಫೈಲುಗಳು ಕೊನೆಗೊಮ್ಮೆಯಾದರೂ ಒಂದೇ ಮೇಜಿನ ಮೇಲೆ ಬರಬೇಕು. ನಮ್ಮಲ್ಲಿ ರೆಡ್ ಇಂಕ್ ಡಿಸ್ಚಾರ್ಜಿನ ಮೊದಲು ನಡೆಯಬೇಕಾದ ವಿಚಾರಣೆಯಲ್ಲಿ ಒಬ್ಬ ಮನೋವೈದ್ಯರನ್ನು ಕೂರಿಸಲು ಹೊಸ ಕಾಯ್ದೆಯೇ ಬೇಕಿಲ್ಲ, 1988ರ ಪತ್ರಕ್ಕೆ ಒಂದು ಪ್ಯಾರಾ ಸೇರಿಸಿದರೆ ಸಾಕು. ಎಎಫ್‌ಎಂಎಸ್‌ಎಫ್-10ರಲ್ಲಿ ಕಮಾಂಡರನ ಜೊತೆಗೆ ಸುಬೇದಾರ್ ದರ್ಜೆಯ ಒಬ್ಬ ಜೆಸಿಒನ ಮಾತಿಗೂ ಜಾಗ ಕೊಡುವುದು ಅದಕ್ಕಿಂತಲೂ ಸುಲಭ.

ಕೆಡೆಟ್, ಆಮೇಲೆ ಅಗ್ನಿವೀರ

2025ರ ಆಗಸ್ಟಿನ ಕೆಡೆಟ್ ಪ್ರಕರಣದಲ್ಲಿ ಬಾಗಿಲೇ ಇರಲಿಲ್ಲ. 1985ರಿಂದ ಈಚೆಗೆ ಸುಮಾರು 500 ಕೆಡೆಟ್‌ಗಳು ತರಬೇತಿಯಲ್ಲಿ ಗಾಯಗೊಂಡು ಹೊರಬಿದ್ದಿದ್ದಾರೆ. ತರಬೇತಿಯ ಅವಧಿ ಸೇವೆ ಎಂದು ಲೆಕ್ಕಕ್ಕೆ ಬಾರದ್ದರಿಂದ ಅವರು ಮಾಜಿ ಸೈನಿಕರಲ್ಲ. ಮಾಜಿ ಸೈನಿಕರಲ್ಲದ್ದರಿಂದ ಇಸಿಎಚ್‌ಎಸ್ ಇರಲಿಲ್ಲ. ಇದ್ದದ್ದು ತಿಂಗಳಿಗೆ 40,000 ರೂಪಾಯಿವರೆಗಿನ ಪರಿಹಾರಧನ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆರ್. ಮಹಾದೇವನ್ ಅವರ ಪೀಠ ಹಣದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿತು: ಚಿಕಿತ್ಸೆ ಮುಗಿದ ಮೇಲೆ ಇವರಿಗೆ ರಕ್ಷಣಾ ಇಲಾಖೆಯಲ್ಲೇ ಕುಳಿತು ಮಾಡುವ ಕೆಲಸ ಕೊಡಲಾಗದೇ? ಆ ತಿಂಗಳ ಕೊನೆಗೆ ಸರ್ಕಾರ ಇಸಿಎಚ್‌ಎಸ್ ಬಾಗಿಲು ತೆರೆಯಿತು. 40 ವರ್ಷದ ಸಮಸ್ಯೆಯ ಒಂದು ತುಂಡು ಎರಡೇ ವಾರದಲ್ಲಿ ಬಗೆಹರಿಯಿತು ಎಂಬುದರಿಂದ, ಅಷ್ಟು ವರ್ಷ ತಡೆದದ್ದು ಹಣವಲ್ಲ ಎಂಬುದಾದರೂ ಗೊತ್ತಾಗುತ್ತದೆ.

ಮುಂದಿನ ಪರೀಕ್ಷೆ ಅಗ್ನಿವೀರರದು. 2022ರಲ್ಲಿ ಬಂದ ಯೋಜನೆಯ ಪ್ರಕಾರ ಅವರ ಸೇವೆ ನಾಲ್ಕು ವರ್ಷ, ಪಿಂಚಣಿ ಇಲ್ಲ. ಸೇವೆಯಿಂದ ಬಂದ ಅಥವಾ ಸೇವೆಯಿಂದ ಉಲ್ಬಣಿಸಿದ ಅಂಗವೈಕಲ್ಯ ಶೇ 100 ಆದರೆ 44 ಲಕ್ಷ, ಶೇ 75 ಆದರೆ 25 ಲಕ್ಷ, ಶೇ 50 ಆದರೆ 15 ಲಕ್ಷ ರೂಪಾಯಿ ಇಡಿಗಂಟು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದು ಬೋರ್ಡು ಬರೆದರೆ ಅದೂ ಇಲ್ಲ. ಇಲ್ಲಿಯವರೆಗೆ ಹೇಳಿದ ಎಲ್ಲ ಜಗಳವೂ ಅವರ ಪಾಲಿಗೆ ಆ ಒಂದೇ ಸಾಲಿಗೆ ಇಳಿಯುತ್ತದೆ.

ಚೇತರಿಕೆಗೆ ಬೇಕಾದ ಕಾಲದ ಲೆಕ್ಕವನ್ನೂ ನೋಡಿ. ಎರಡು ಸಲ ತಾತ್ಕಾಲಿಕ ಕೆಟಗರಿ ಎಂದರೆ 48 ವಾರ. ಹದಿನೈದು ವರ್ಷ ಇರುವ ಸಿಪಾಯಿಗೆ ಅದು ಸೇವೆಯ ಹದಿನೈದರಲ್ಲಿ ಒಂದು ಪಾಲೂ ಅಲ್ಲ, ಅಗ್ನಿವೀರನಿಗೆ ಹತ್ತಿರ ಹತ್ತಿರ ಕಾಲು ಭಾಗ. ನಾಲ್ಕು ವರ್ಷದ ಕೊನೆಗೆ ಪ್ರತಿ ತಂಡದಲ್ಲಿ ಶೇ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ. ಮೂರನೆಯ ವರ್ಷದಲ್ಲಿ ನಿದ್ದೆ ಕೆಟ್ಟ ಇಪ್ಪತ್ತೊಂದರ ಹುಡುಗ ರೆಜಿಮೆಂಟಿನ ವೈದ್ಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಹಾಕುವ ಲೆಕ್ಕವೂ ಇದೇ. ಸೇನೆ ಅಗ್ನಿವೀರರನ್ನು ಕಾಯಂ ಮಾಡಲು ಆರಿಸುವಾಗ, ಚಿಕಿತ್ಸೆ ಪಡೆದು ಶೇಪ್ ಒನ್‌ಗೆ ಮರಳಿದವನ ಹಳೆಯ ಎಸ್-3 ಷರಾ ಅವನ ವಿರುದ್ಧ ಎಣಿಕೆಯಾಗುವುದಿಲ್ಲ ಎಂದು ಮೊದಲೇ ಲಿಖಿತವಾಗಿ ಹೇಳಿದರೆ ಅವನು ಒಳಗೆ ಹೋಗುತ್ತಾನೆ. ಹೇಳದಿದ್ದರೆ ಎದ್ದು ಬ್ಯಾರಕ್ಕಿಗೆ ವಾಪಸು ನಡೆಯುತ್ತಾನೆ.